ನಲ್ಲಿ ಮೇಸ್ತ್ರಿಯ ಒದ್ದೆ ಪ್ಯಾಂಟು

ಆ ಬೀದಿಯಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಮೊದಲು ಬರುತ್ತಿದ್ದ ಮಾತು ಒಂದೇ: "ಮೇಸ್ತ್ರಿಗೆ ಹೇಳಿ ಕಳಿಸಿ."

ನಲ್ಲಿ ಮೇಸ್ತ್ರಿ ಕೆಲಸದಲ್ಲಿ ಪಳಗಿದ ಕೈ. ಗೋಡೆಗೆ ಕಿವಿಯಿಟ್ಟು ಒಳಗೆ ಎಲ್ಲಿ ನೀರು ಜಿನುಗುತ್ತಿದೆ ಎಂದು ಹೇಳಬಲ್ಲವನು. ಕಿವಿಗೂ ಸಿಗದ ಸೋರಿಕೆಯಾದರೆ ಮೇಲಿನ ತೊಟ್ಟಿಗೆ ಒಂದು ಚಿಟಿಕೆ ಬಣ್ಣದ ಪುಡಿ ಹಾಕಿ, ಯಾವ ಮೂಲೆಯಲ್ಲಿ ಬಣ್ಣ ಒಸರುತ್ತದೆ ಎಂದು ಕಾದು ಕೂರುತ್ತಿದ್ದ. ಬಣ್ಣ ಕಂಡಲ್ಲಿ ಮಾತ್ರ ಗೋಡೆ ಒಡೆಯುತ್ತಿದ್ದ. ಹೋಗುವಾಗ ಮನೆಯವರಿಗೆ ಒಂದಿಷ್ಟು ಬುದ್ಧಿಮಾತು ಬೇರೆ. "ಸೋರೋದನ್ನ ಮುಚ್ಚಿಡಬೇಡಿ ತಾಯಿ. ಇವತ್ತು ವಾಷರ್‌ನಲ್ಲಿ ಮುಗಿಯೋದು ನಾಳೆ ಗೋಡೇನೇ ತಿಂದು ಹಾಕುತ್ತೆ."

ದೀಪದ ಬುಡದಲ್ಲೇ ಕತ್ತಲೆ. ಊರಿಗೆಲ್ಲ ಹೀಗೆ ಬುದ್ಧಿ ಹೇಳುತ್ತಿದ್ದ ಮೇಸ್ತ್ರಿ ತನ್ನ ಸೋರಿಕೆಯನ್ನು ವರ್ಷದ ಮೇಲಾದರೂ ಯಾರಿಗೂ ಹೇಳಿರಲಿಲ್ಲ. ಮೂತ್ರ ಬಂತೆಂದರೆ ತಡೆಯಲಾಗದು. ಓಡಿಹೋದರೆ ಸಣ್ಣಗೆ ಹನಿಹನಿ. ಮುಗಿಯಿತೆಂದು ಹೊರಗೆ ಬಂದರೆ ಮತ್ತೆ ನಾಲ್ಕು ತೊಟ್ಟು.

ಮೊದಲ ಸಲ ಹಾಗಾದಾಗ ಅವನು ಯಾರದೋ ಅಡುಗೆಮನೆಯ ಸಿಂಕಿನ ಕೆಳಗೆ ಮಲಗಿ ಕೊಳವೆ ಬಿಗಿಯುತ್ತಿದ್ದ. ಪ್ಯಾಂಟಿನ ಮುಂದೆ ಕಲೆ ಹರಡುತ್ತಿತ್ತು, ಮನೆಯಾಕೆ ತಲೆಯ ಹತ್ತಿರವೇ ನಿಂತಿದ್ದಳು. ಭೂಮಿ ಬಾಯಿ ಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ತಟ್ಟನೆ ಒಂದು ಉಪಾಯ ಹೊಳೆಯಿತು. ಬಿಗಿದ ಕೊಳವೆಯನ್ನೇ ಸಡಿಲಿಸಿದ. ನೀರು ಭರ್ರನೆ ಮೈಮೇಲೆ ಬಿತ್ತು. "ಅಯ್ಯೋ ಮೇಸ್ತ್ರಿ, ಸ್ನಾನಾನೇ ಆಗೋಯ್ತಲ್ಲ!" ಎಂದು ಆಕೆ ನಕ್ಕಳು. ಅವನೂ ನಕ್ಕ.

ಅಂದಿನಿಂದ ಅದೇ ದಾರಿಯಾಯಿತು. ನಲ್ಲಿ ಕೆಲಸದವನ ಪ್ಯಾಂಟು ಒದ್ದೆಯಾಗಿದ್ದರೆ ಯಾರು ಕೇಳುತ್ತಾರೆ? ಒಂದು ತೊಟ್ಟು ಸೋರಿದರೆ ಒಂದು ಬೊಗಸೆ ನೀರು ಹುಯ್ದುಕೊಳ್ಳುವುದು. ಮನೆಗೆ ಬಂದಾಗ ಹೆಂಡತಿಗೂ ಅದೇ ಮಾತು: "ಇವತ್ತೊಂದು ದರಿದ್ರ ಪೈಪು, ಮೈಯೆಲ್ಲಾ ನೆನೆಸ್ತು." ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಡೆದಿತ್ತು ಅವನ ಬದುಕು. ರಾತ್ರಿ ಮಲಗಿದಾಗ ಮಾತ್ರ ನಾಚಿಕೆಯಿಂದ ಮುಖ ಗೋಡೆಯ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ.

ಸೋರುತ್ತಿದ್ದದ್ದು ಒಂದು ದಿನ ಪೂರ್ತಿ ಕಟ್ಟಿಕೊಂಡಿತು. ಹೊಟ್ಟೆ ಬಿರಿಯುವಂತಹ ನೋವು. ಹೆಂಡತಿ ಆಸ್ಪತ್ರೆಗೆ ಕರೆದೊಯ್ದಳು. ಕೊಳವೆ ಹಾಕಿ ಮೂತ್ರ ತೆಗೆದರು. "ಎಷ್ಟು ದಿನದಿಂದ ತೊಂದರೆ?" ಎಂದು ಡಾಕ್ಟರು ಕೇಳಿದಾಗ ಮೇಸ್ತ್ರಿ ಹೆಂಡತಿಯ ಕಡೆ ನೋಡದೆ, "ಇವತ್ತೇ ಶುರುವಾಗಿದ್ದು ಸ್ವಾಮಿ" ಎಂದ. ಕೆಲವು ದಿನಗಳ ಮೇಲೆ ಕೊಳವೆ ತೆಗೆದರು. ರಕ್ತ ಪರೀಕ್ಷೆಯಾಯಿತು, ಸೂಜಿ ಹಾಕಿ ಒಳಗಿನ ಚೂರು ತೆಗೆದು ನೋಡಿದ್ದೂ ಆಯಿತು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಎಂದು ಹೇಳಿದರು.

"ಹೆದರಬೇಡಿ," ಎಂದರು ಡಾಕ್ಟರು. "ಅದು ಗ್ರಂಥಿಯೊಳಗೇ ಇದೆಯೋ, ಹೊರಗೆ ಹರಡಿದೆಯೋ ನೋಡಬೇಕು. ಒಳಗೇ ಇದ್ರೆ ಆಪರೇಷನ್ ಮಾಡಿ ತೆಗೆದುಬಿಡೋಣ. ಎಲುಬಿಗೆ ಹೋಗಿದ್ರೆ ಆಪರೇಷನ್ ಬಿಟ್ಟು ಬೇರೆ ದಾರಿ ಹಿಡೀಬೇಕಾಗುತ್ತೆ. ಅದನ್ನ ತಿಳಿಯೋಕೆ ಒಂದು ಪೆಟ್ ಸ್ಕ್ಯಾನ್ ಮಾಡ್ಸಿ."

ಸುದ್ದಿ ಕೇಳಿ ಅಂದು ಸಂಜೆಯೇ ಷಡ್ಡಕ ಬಂದ. ಹೆಂಡತಿಯ ತಂಗಿಯ ಗಂಡ, ಪೈಪು ಮೊಳೆ ಮಾರುವ ಅಂಗಡಿಯವನು. ಗೊತ್ತಿಲ್ಲದ ವಿಷಯದಲ್ಲಿ ಅವನ ದನಿ ಇನ್ನೂ ಜೋರು.

"ಸ್ಕ್ಯಾನ್ ಗೀನ್ ಏನೂ ಬೇಡ ಕಣಯ್ಯಾ," ಎಂದ. "ಅದರಲ್ಲಿ ಮೈಯೊಳಗೆ ವಿಕಿರಣ ಬಿಡ್ತಾರಂತೆ. ಆಮೇಲೆ ಮನುಷ್ಯ ಮುಟ್ಟಿದ್ದೆಲ್ಲ ಕೆಟ್ಟುಹೋಗುತ್ತಂತೆ. ಮನೇಲಿ ಬಸುರಿ ಮಗಳಿದಾಳೆ. ಮೊಮ್ಮಗೂನ ಎತ್ಕೋಬೇಕು ಅಂತ ಆಸೆ ಇದೆಯೋ ಇಲ್ಲವೋ?"

ಬಾಗಿಲ ಬಳಿ ನಿಂತಿದ್ದ ಮಗಳು ತನಗರಿವಿಲ್ಲದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅದನ್ನು ನೋಡಿ ಮೇಸ್ತ್ರಿಗೆ ತನ್ನ ಮೈಯೇ ಹೊಲಸು ಅನ್ನಿಸಿತು.

"ಗಾಡಿ ಸರಿಯಾಗಿ ನಿಲ್ಲಿಸಿದೀನೋ ಇಲ್ವೋ, ನೋಡ್ಕೊಂಡು ಬರ್ತೀನಿ" ಎಂದು ಷಡ್ಡಕ ಎದ್ದು ಹೊರಗೆ ಹೋದ. ಬಂದು ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಗಾಡಿಯ ನೆನಪಾಗಿ ಎದ್ದ. ಆ ಹೊತ್ತಿಗೆ ಪಕ್ಕದ ಮನೆಯ ನರ್ಸಮ್ಮ ಕೆಲಸ ಮುಗಿಸಿ, ಕೈಚೀಲವನ್ನೂ ಇಳಿಸದೆ ಒಳಗೆ ಬಂದರು. ಮೇಸ್ತ್ರಿಯ ಹೆಂಡತಿಯೇ ಹೇಳಿ ಕಳಿಸಿದ್ದಳು.

"ವಿಕಿರಣ ಅಂದ್ರೆ ಬೆಂಕಿ ಅಂದ್ಕೊಂಡಿದೀರಾ?" ಎಂದರು ನರ್ಸಮ್ಮ. "ಮೇಸ್ತ್ರೀ, ನೀವು ತೊಟ್ಟಿಗೆ ಬಣ್ಣ ಹಾಕ್ತೀರಲ್ಲ, ಯಾಕೆ?"

"ಎಲ್ಲಿ ಸೋರ್ತಿದೆ ಅಂತ ಕಾಣಲಿ ಅಂತ."

"ಇದೂ ಅಷ್ಟೇ. ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳ ಮೈಮೇಲೆ ಒಂದು ಬಗೆಯ ಪ್ರೋಟೀನ್ ತುಂಬಾ ಇರುತ್ತೆ. ಅದನ್ನೇ ಹುಡುಕ್ಕೊಂಡು ಹೋಗಿ ಅಂಟ್ಕೊಳ್ಳೋ ಒಂದು ಔಷಧಿ. ಅದಕ್ಕೆ ಚೂರೇ ಚೂರು ವಿಕಿರಣ ಸೇರಿಸಿರ್ತಾರೆ. ಕೈಯ ನರಕ್ಕೆ ಒಂದು ಇಂಜೆಕ್ಷನ್. ಸುಮಾರು ಒಂದು ಗಂಟೆ ಸುಮ್ಮನೆ ಕೂತಿರೋದು. ಔಷಧಿ ಎಲ್ಲೆಲ್ಲಿ ಅಂಟಿದೆಯೋ ಅಲ್ಲಲ್ಲಿ ಹೊಳಪಾಗಿ ಯಂತ್ರಕ್ಕೆ ಕಾಣುತ್ತೆ. ನಿಮ್ಮ ಕಣ್ಣಿಗೆ ಕಾಣಲ್ಲ, ಮೈಗೆ ಗೊತ್ತೂ ಆಗಲ್ಲ."

"ಮತ್ತೆ ಬಸುರಿ?" ಎಂದು ಷಡ್ಡಕ ಪಟ್ಟು ಬಿಡದೆ ಕೇಳಿದ.

"ಅದನ್ನ ಕೇಳಿದ್ದು ಒಳ್ಳೇದು. ಸ್ಕ್ಯಾನ್ ಆದ ದಿನ ಬಸುರಿಯರ ಹತ್ತಿರ, ಸಣ್ಣ ಮಕ್ಕಳ ಹತ್ತಿರ ಒತ್ತಿ ಕೂರೋದು ಬೇಡ. ಎಷ್ಟು ಹೊತ್ತು ದೂರ ಇರಬೇಕು ಅಂತ ಅಲ್ಲಿಯವರೇ ಹೇಳ್ತಾರೆ. ಆ ಔಷಧಿ ಗಂಟೆಗಂಟೆಗೂ ತನ್ನಷ್ಟಕ್ಕೆ ಬಲ ಕಳ್ಕೊಳ್ಳುತ್ತೆ, ಉಳಿದದ್ದು ಹೆಚ್ಚಾಗಿ ಮೂತ್ರದಲ್ಲಿ ಹೋಗುತ್ತೆ. ಚೆನ್ನಾಗಿ ನೀರು ಕುಡೀಬೇಕು, ಆಗಾಗ ಮೂತ್ರಕ್ಕೆ ಹೋಗ್ಬೇಕು, ಕೈ ತೊಳೀಬೇಕು. ಮಾರನೇ ದಿನಕ್ಕೆ ನಿಮ್ಮಪ್ಪ ನಿಮ್ಮಪ್ಪನೇ" ಎಂದು ಮಗಳ ಕಡೆ ತಿರುಗಿದರು.

ಮಗಳ ಮುಖ ಸ್ವಲ್ಪ ಸಡಿಲಾಯಿತು. "ಅವತ್ತೊಂದಿನ ಚಿಕ್ಕಮ್ಮನ ಮನೇಲಿರ್ತೀನಿ ಬಿಡಪ್ಪಾ" ಎಂದಳು.

ನರ್ಸಮ್ಮ ಏಳುತ್ತಾ ಇನ್ನೊಂದು ಮಾತು ಹೇಳಿದರು. "ಔಷಧಿ ಅವತ್ತೇ ನಿಮಗೋಸ್ಕರ ತಯಾರಾಗಿ ಬರುತ್ತೆ, ಎತ್ತಿಟ್ಟು ನಾಳೆ ಕೊಡೋಕಾಗಲ್ಲ. ಹೇಳಿದ ಹೊತ್ತಿಗೆ ಹೋಗಿ. ಆಮೇಲೆ ಮೇಸ್ತ್ರೀ, ಮೂತ್ರ ತಡೆಯೋಕಾಗಲ್ಲ, ಸೋರುತ್ತೆ ಅಂತ ಏನಾದ್ರೂ ಇದ್ರೆ ಅಲ್ಲಿ ಮೊದಲೇ ಹೇಳ್ಬಿಡಿ. ಅವರು ಅದಕ್ಕೆ ತಕ್ಕ ಹಾಗೆ ನೋಡ್ಕೋತಾರೆ."

"ಛೇ ಛೇ! ಅದೆಲ್ಲ ಏನೂ ಇಲ್ಲಮ್ಮ" ಎಂದ ಮೇಸ್ತ್ರಿ. ಕಿವಿಯವರೆಗೂ ಬಿಸಿಯೇರಿತು. ಹೆಂಡತಿ ಏನೋ ನೆನಪಾದವಳಂತೆ ಎದ್ದು ಅಡುಗೆಮನೆಗೆ ಹೋದಳು.

ಸ್ಕ್ಯಾನ್ ದಿನ ಹೆಂಡತಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಅವನೊಬ್ಬನನ್ನೇ ಒಳಗೆ ಕರೆದರು. ಬಟ್ಟೆ ಬದಲಾಯಿಸಿ ತಿಳಿನೀಲಿ ಗೌನು ಹಾಕಿಕೊಂಡ. ಸ್ಕ್ಯಾನ್ ಮಾಡುವವಳು ಅವನ ಮಗಳ ವಯಸ್ಸಿನ ಹುಡುಗಿ. ಇಂಜೆಕ್ಷನ್ ಕೊಟ್ಟು, ಒಂದು ಸಣ್ಣ ಕೋಣೆಯಲ್ಲಿ ಒರಗು ಕುರ್ಚಿಯ ಮೇಲೆ ಕೂರಿಸಿದಳು. ಪಕ್ಕದಲ್ಲಿ ನೀರಿನ ಬಾಟಲಿ, ಎದುರಿಗೆ ಶೌಚಾಲಯ, ಕೈ ತೊಳೆಯುವ ಬೇಸಿನ್.

"ಅಂಕಲ್, ನೀರು ಕುಡೀತಾ ಇರಿ. ನಾನು ಕರೆದಾಗ ಒಂದ್ಸಲ ಮೂತ್ರಕ್ಕೆ ಹೋಗಿ ಪೂರ್ತಿ ಖಾಲಿ ಮಾಡ್ಕೊಂಡು ಬನ್ನಿ. ಇಲ್ಲಾಂದ್ರೆ ಮೂತ್ರಕೋಶದಲ್ಲೇ ಔಷಧಿ ನಿಂತು, ಪಕ್ಕದಲ್ಲಿರೋದು ಸರಿಯಾಗಿ ಕಾಣಲ್ಲ. ಗೌನಿಗೋ ಮೈಗೋ ಹನಿ ಬಿದ್ರೆ ನಂಗೆ ಹೇಳಿ. ಬೇರೆ ಗೌನು ಕೊಡ್ತೀನಿ."

ಮೇಸ್ತ್ರಿ ತಲೆಯಾಡಿಸಿದ. ಎಲ್ಲವೂ ಅರ್ಥವಾಗಿತ್ತು. ಅರ್ಥವಾಗುವುದಕ್ಕೂ ಬಾಯಿ ಬಿಡುವುದಕ್ಕೂ ನಡುವೆ ದೊಡ್ಡ ಹಳ್ಳವಿರುತ್ತದೆ.

ಕರೆ ಬಂತು. ಶೌಚಾಲಯಕ್ಕೆ ಹೋದ, ಕಾದ, ಆದಷ್ಟು ಖಾಲಿ ಮಾಡಿದ. ಹೊರಗೆ ಬಂದು ಬಾಗಿಲು ಎಳೆಯುವಾಗ ಒಂದು ಕೆಮ್ಮು ಬಂತು. ಅಷ್ಟೇ ಸಾಕಾಯಿತು. ಬಿಸಿಯಾದದ್ದು ಎಡತೊಡೆಯ ಮೇಲೆ ಇಳಿಯಿತು. ತಿಳಿನೀಲಿ ಗೌನಿನ ಮೇಲೆ ಸೊಂಟದ ಪಕ್ಕಕ್ಕೆ ಕಡುನೀಲಿ ಕಲೆ. ಹುಡುಗಿಯ ಹೆಜ್ಜೆ ಸದ್ದು ಹತ್ತಿರವಾಗುತ್ತಿತ್ತು.

ಕೈ ತಾನಾಗಿಯೇ ಬೇಸಿನ್ನಿನ ನಲ್ಲಿಗೆ ಹೋಯಿತು. ಪೂರ್ತಿ ತಿರುಗಿಸಿ, ಬೊಗಸೆ ಅಡ್ಡ ಹಿಡಿದು, ಮೈಮೇಲೆಲ್ಲ ಸಿಡಿಸಿಕೊಂಡ.

"ಏನಾಯ್ತು ಅಂಕಲ್?"

"ನಿಮ್ಮ ನಲ್ಲಿ ಸರಿ ಇಲ್ಲ ಮಗಾ," ಎಂದ ಮೇಸ್ತ್ರಿ ನಗುತ್ತಾ. "ವಾಷರ್ ಹೋಗಿದೆ. ನೋಡು ಹೇಗೆ ಸಿಡೀತು."

ಅದು ಹೊಚ್ಚಹೊಸ ನಲ್ಲಿ. ತಿರುಗಿಸಿದರೆ ಬೆಣ್ಣೆಯಂತೆ ತಿರುಗುವಂಥದ್ದು. ಒಳ್ಳೆಯ ನಲ್ಲಿಯ ಮೇಲೆ ಇಂಥ ಅಪವಾದವನ್ನು ಮೇಸ್ತ್ರಿ ಜನ್ಮದಲ್ಲಿ ಹೊರಿಸಿರಲಿಲ್ಲ.

"ಗೌನು ಬದಲಾಯಿಸ್ತೀರಾ?"

"ಬೇಡ ಬೇಡ, ಬರೀ ನೀರು. ನಮಗೆ ರೂಢಿ."

ಯಂತ್ರದ ಕಿರಿದಾದ ಹಾಸಿಗೆ ಮೆಲ್ಲಗೆ ಒಳಗೆ ಸರಿಯಿತು. ನೋವಿಲ್ಲ, ಉರಿಯಿಲ್ಲ, ಸಣ್ಣಗೆ ಗುಂಯ್ ಅನ್ನುವ ಸದ್ದು ಮಾತ್ರ. ಷಡ್ಡಕ ಹೇಳಿದ ಯಾವ ಅನಾಹುತವೂ ಆಗಲಿಲ್ಲ. ತೊಡೆಗೆ ಅಂಟಿದ ಒದ್ದೆ ಬಟ್ಟೆ ತಣ್ಣಗಾಗುತ್ತಿತ್ತು. ಇದೊಂದು ಸಲ ದಾಟಿದರೆ ಸಾಕು ಎಂದುಕೊಂಡ. ಒಂದು ವರ್ಷದಿಂದ ಪ್ರತಿ ಸಲವೂ ಹಾಗೆಯೇ ಅಂದುಕೊಂಡಿದ್ದ.

ಸ್ಕ್ಯಾನ್ ಮುಗಿಯಿತು. "ಹಾಗೇ ಮಲಗಿರಿ ಅಂಕಲ್" ಎಂದು ಹೇಳಿ ಹೋದ ಹುಡುಗಿ ಕೊಂಚ ಹೊತ್ತು ಬಿಟ್ಟು ಬಂದಳು. ಮುಖದಲ್ಲಿ ಮೊದಲಿನ ನಗು ಇರಲಿಲ್ಲ.

"ಎಡಸೊಂಟದ ಹತ್ತಿರ ಒಂದು ಹೊಳಪು ಕಾಣ್ತಿದೆ. ಎಲುಬಿಗೆ ತೀರಾ ಹತ್ತಿರ. ಅದು ಒಳಗಿನದೋ, ಬಟ್ಟೆ ಮೇಲಿನದೋ ಅಂತ ಖಚಿತ ಮಾಡ್ಕೋಬೇಕು. ಅಲ್ಲಿ ಮೂತ್ರ ಏನಾದ್ರೂ ತಾಗಿತ್ತಾ?"

"ಇಲ್ಲಮ್ಮ" ಎಂದ. ಯೋಚಿಸುವ ಮೊದಲೇ ನಾಲಿಗೆ ಅಂದುಬಿಟ್ಟಿತು. ಅಷ್ಟು ಪಳಗಿತ್ತು ಅದು.

"ಸರಿ. ಹಾಗಾದ್ರೆ ಡಾಕ್ಟರಿಗೆ ಹಾಗೇ ಹೇಳ್ತೀನಿ" ಎಂದು ಅವಳು ತಿರುಗಿದಳು.

ಎಲುಬಿಗೆ ಹೋಗಿದ್ದರೆ ಆಪರೇಷನ್ ಇಲ್ಲ. ಡಾಕ್ಟರ ಆ ಮಾತು ಕಿವಿಯಲ್ಲಿ ಮೊಳಗಿತು. ನೀರಿನ ತೊಟ್ಟಿಗೆ ಹಾಕಿದ ಬಣ್ಣ ಒಬ್ಬ ಕೆಲಸಗಾರನ ಕೈಯಿಂದಲೇ ಗೋಡೆಗೆ ತಾಗಿದ್ದರೆ? ಅದನ್ನು ಬಾಯಿಬಿಟ್ಟು ಹೇಳದೆ ಯಾರದೋ ಗಟ್ಟಿ ಗೋಡೆಯನ್ನು ಒಡೆದಿದ್ದರೆ? ಅಂಥ ಕೆಲಸಗಾರನನ್ನು ಅವನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಈಗ ಆ ಕೆಲಸಗಾರ ತಾನೇ. ಒಡೆಯುವ ಗೋಡೆಯೂ ತನ್ನದೇ. ಬೇಸಿಗೆಯ ಹೊತ್ತಿಗೆ ಹುಟ್ಟಲಿರುವ ಮಗು, ಹೊರಗೆ ಬೆಂಚಿನ ಮೇಲೆ ಚೀಲ ಅವುಚಿಕೊಂಡು ಕೂತ ಹೆಂಡತಿ, ಇಬ್ಬರೂ ಕಣ್ಣ ಮುಂದೆ ಬಂದರು.

"ಮಗಾ," ಎಂದು ಕರೆದ. ಮತ್ತೊಮ್ಮೆ ಕರೆದ. "ಮಗಾ, ಆ ನಲ್ಲಿ ಸರಿಯಾಗೇ ಇದೆ."

ಹುಡುಗಿ ನಿಂತಳು.

"ನಲ್ಲಿದೇನೂ ತಪ್ಪಿಲ್ಲ. ಸೋರಿದ್ದು ನಾನು." ಚಾವಣಿ ನೋಡುತ್ತಲೇ ಹೇಳಿದ, ಅವಳ ಮುಖ ನೋಡುವ ಧೈರ್ಯವಿರಲಿಲ್ಲ. "ವರ್ಷದಿಂದ ಹೀಗೇ. ನೀರು ಹುಯ್ಕೊಂಡು ಮುಚ್ಚಿಡ್ತಿದ್ದೆ. ನಿನ್ನ ಹತ್ರಾನೂ ಸುಳ್ಳು ಹೇಳ್ದೆ."

ಈಗ ನಗುತ್ತಾಳೆ ಅಂದುಕೊಂಡ. ಇಲ್ಲವೇ ಮೂಗು ಮುಚ್ಚಿಕೊಳ್ಳುತ್ತಾಳೆ.

"ಅಷ್ಟೇನಾ ಅಂಕಲ್?" ಎಂದಳು ಅವಳು ಉಸಿರು ಬಿಡುತ್ತಾ. "ಹೇಳಿದ್ದು ಎಷ್ಟು ಒಳ್ಳೇದಾಯ್ತು! ಇಲ್ಲಿಗೆ ಬರೋರಲ್ಲಿ ಎಷ್ಟೋ ಜನಕ್ಕೆ ಇದೇ ತೊಂದರೆ. ಔಷಧಿ ಮೂತ್ರದಲ್ಲಿ ಬರುತ್ತಲ್ಲ, ಆ ಹನಿ ಬಟ್ಟೆ ಮೇಲಿದ್ರೂ ಯಂತ್ರಕ್ಕೆ ಹೊಳಪಾಗೇ ಕಾಣುತ್ತೆ. ನೀವು ನೀರು ಬೇರೆ ಹಾಕಿ ಹರಡಿಸಿದೀರಾ. ಹೇಳದೇ ಇದ್ದಿದ್ರೆ ಇನ್ನೊಂದು ಪರೀಕ್ಷೆ, ಇನ್ನಷ್ಟು ದಿನ ಒದ್ದಾಟ. ತೀರ್ಮಾನಾನೇ ತಪ್ಪಿಹೋಗ್ತಿತ್ತೋ ಏನೋ."

ಕೈಗವಸು ಹಾಕಿಕೊಂಡು ಒರೆಸುವ ಬಟ್ಟೆ ಕೊಟ್ಟಳು, ಒಣ ಗೌನು ಕೊಟ್ಟಳು, ಹನಿ ಹೀರುವ ಪ್ಯಾಡ್ ಕೊಟ್ಟಳು. ಒದ್ದೆ ಗೌನನ್ನು ಬೇರೆ ಚೀಲಕ್ಕೆ ಹಾಕಿ ಕಟ್ಟಿದಳು. ಆ ಭಾಗವನ್ನಷ್ಟೇ ಮತ್ತೆ ಸ್ಕ್ಯಾನ್ ಮಾಡಿದಳು. "ಹೋಯ್ತು ಅಂಕಲ್, ಸೊಂಟದ ಹತ್ತಿರ ಏನೂ ಇಲ್ಲ. ಉಳಿದಿದ್ದನ್ನ ಡಾಕ್ಟರು ನೋಡಿ ಹೇಳ್ತಾರೆ" ಎಂದಳು. ಯಾರೂ ನಗಲಿಲ್ಲ. ಯಾವ ನಗುವಿಗೆ ಹೆದರಿ ಒಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದನೋ ಆ ನಗು ಎಲ್ಲಿಯೂ ಇರಲಿಲ್ಲ. ಅದು ತಿಳಿದಾಗ ಮೇಸ್ತ್ರಿಗೆ ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು. ಈ ನಾಚಿಕೆ ಬೇರೆ ತರದ್ದು.

ಅಂದು ಸಂಜೆ ಮಗಳಿಲ್ಲದ ಮನೆಯಲ್ಲಿ ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ. ಸಿಂಕಿನ ಕೆಳಗೆ ನಡೆದದ್ದರಿಂದ ಹಿಡಿದು ನಲ್ಲಿಯ ಮೇಲೆ ಹೊರಿಸಿದ ಅಪವಾದದವರೆಗೆ.

ಅವಳು ಮಡಚುತ್ತಿದ್ದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. "ನಂಗೊತ್ತಿತ್ತು" ಎಂದಳು.

"ಏನು?"

"ನಿಮ್ಮ ಪ್ಯಾಂಟು ಒಗೆಯೋಳು ನಾನು. ಮೂಗಿಲ್ವಾ ನಂಗೆ? ಪೈಪಿನ ನೀರಿಗೆ ಆ ವಾಸನೆ ಇರುತ್ತಾ?" ಅವಳ ಕಣ್ಣು ತುಂಬಿತ್ತು. "ಕೇಳಿದ್ರೆ ನಿಮಗೆ ಅವಮಾನ ಆಗುತ್ತೆ ಅಂತ ಸುಮ್ಮನಿದ್ದೆ. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ಅವತ್ತು ಡಾಕ್ಟರ ಮುಂದೆ ಇವತ್ತೇ ಶುರುವಾಯ್ತು ಅಂದ್ರಲ್ಲ, ಆಗಲೂ ನಾನು ಬಾಯಿ ಬಿಡಲಿಲ್ಲ. ನನ್ನದೂ ತಪ್ಪೇ."

ಒಂದೇ ಮನೆಯಲ್ಲಿ, ಒಂದೇ ಗುಟ್ಟನ್ನು ಇಬ್ಬರೂ ಬೇರೆಬೇರೆಯಾಗಿ ಹೊತ್ತುಕೊಂಡು ಒಂದು ವರ್ಷ ಕಳೆದಿದ್ದರು. ಆ ವರ್ಷ ಒಳಗಿನ ಕ್ಯಾನ್ಸರು ಮಾತ್ರ ಸುಮ್ಮನೆ ಕೂತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮಗಳು ಬಂದು ಅಪ್ಪನ ಪಕ್ಕಕ್ಕೇ ಒತ್ತಿ ಕೂತಳು. ಕೆಲವು ದಿನಗಳ ಮೇಲೆ ವರದಿಯೂ ಬಂತು. ಕ್ಯಾನ್ಸರ್ ಗ್ರಂಥಿಯ ಅಂಚಿನವರೆಗೆ ಬಂದಿತ್ತು, ಹೊರಗೆ ದಾಟಿದ ಗುರುತು ಕಾಣಲಿಲ್ಲ. "ಒಳ್ಳೆ ಹೊತ್ತಿಗೆ ಸಿಕ್ತು. ಇನ್ನೂ ಮುಂಚೆ ಬಂದಿದ್ರೆ ಇನ್ನೂ ಸುಲಭ ಆಗ್ತಿತ್ತು" ಎಂದರು ಡಾಕ್ಟರು. ಆಪರೇಷನ್ ಆಯಿತು. ಆದ ಮೇಲೂ ಸ್ವಲ್ಪ ದಿನ ಸೋರಿತು, ಅದು ಹಾಗೆಯೇ ಎಂದು ಅವರು ಮೊದಲೇ ಹೇಳಿದ್ದರು. ಪ್ಯಾಡ್ ಇಟ್ಟುಕೊಂಡ, ಹೇಳಿಕೊಟ್ಟ ವ್ಯಾಯಾಮ ಮಾಡಿದ. ನಲ್ಲಿಯ ನೀರು ಮಾತ್ರ ಹುಯ್ದುಕೊಳ್ಳಲಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ಒಂದು ದಿನ ವಾಷರ್ ಕೊಳ್ಳಲು ಷಡ್ಡಕನ ಅಂಗಡಿಗೆ ಹೋದ. ಷಡ್ಡಕ ಎಂದಿನ ಜೋರಿನಲ್ಲಿ, "ಏನೋ ನಿನ್ನ ಅದೃಷ್ಟ ಚೆನ್ನಾಗಿತ್ತು. ಎಲ್ಲರಿಗೂ ಆ ಸ್ಕ್ಯಾನ್ ಆಗಿಬರಲ್ಲ" ಎನ್ನುತ್ತಾ ವಾಷರ್ ತೆಗೆದಿಟ್ಟ. ಮಾತಿನ ಮಧ್ಯೆ, "ತಾಳು, ಗೋದಾಮಿಗೆ ಹೋಗಿ ಬಂದೆ" ಎಂದು ಎದ್ದ. ಬಂದು ನಾಲ್ಕು ಮಾತಾಡಿದ. ಮತ್ತೆ ಗೋದಾಮಿಗೆ ಹೊರಟ.

ಮೇಸ್ತ್ರಿಗೆ ಅಂದು ಸಂಜೆಯ ಗಾಡಿ ನೆನಪಾಯಿತು. ಒಂದೇ ಜಾಗದಲ್ಲಿ ನಿಂತಿದ್ದ ಗಾಡಿಯನ್ನು ಈತ ಎಷ್ಟು ಸಲ ನೋಡಿಕೊಂಡು ಬಂದಿದ್ದ! ಷಡ್ಡಕನ ತೋಳು ಹಿಡಿದು ನಿಲ್ಲಿಸಿದ.

"ಗೋದಾಮಿನಲ್ಲಿ ಏನಿದೆ?"

"ಸಾಮಾನು."

"ನಾನೂ ವರ್ಷವೆಲ್ಲ ಪೈಪಿನ ನೆಪ ಹೇಳ್ದೆ ಕಣೋ. ನೀನು ಗೋದಾಮಿನ ನೆಪ ಹೇಳ್ತಿದೀಯಾ. ಎಷ್ಟು ದಿನದಿಂದ?"

ಷಡ್ಡಕನ ಜೋರು ದನಿ ಎಲ್ಲಿ ಹೋಯಿತೋ. ಗಲ್ಲಾಪೆಟ್ಟಿಗೆಯನ್ನೇ ನೋಡುತ್ತಾ ಪಿಸುಗುಟ್ಟಿದ. "ನೀನು ಆಸ್ಪತ್ರೆಗೆ ಸೇರೋಕ್ ಮುಂಚಿಂದ. ನಿಂಗೆ ಅದು ಅಂತ ಗೊತ್ತಾದ್ಮೇಲೆ ಭಯಾನೂ ಸೇರ್ಕೊಳ್ತು. ಅದಕ್ಕೇ ಅವತ್ತು ಸ್ಕ್ಯಾನ್ ಬೇಡ ಅಂತ ಕೂಗಾಡಿದ್ದು. ಯಾರಿಗೂ ಹೇಳ್ಬೇಡ ಮಾರಾಯಾ."

"ನಾನ್ಯಾಕೆ ಹೇಳ್ಲಿ? ನೀನೇ ಹೇಳ್ತೀಯಾ, ಡಾಕ್ಟರಿಗೆ. ವಯಸ್ಸಾದ್ಮೇಲೆ ಬರೀ ಗ್ರಂಥಿ ಊದಿಕೊಂಡ್ರೂ ಹೀಗಾಗುತ್ತಂತೆ, ಹೆಚ್ಚಿನವರಿಗೆ ಕ್ಯಾನ್ಸರ್ ಇರಲ್ವಂತೆ. ಆದ್ರೆ ನೋಡದೆ ಹೇಗೆ ಗೊತ್ತಾಗುತ್ತೆ? ಶಟರ್ ಎಳಿ, ನಾನೂ ಬರ್ತೀನಿ."

ಹಾಡಹಗಲೇ, ಒಳ್ಳೆ ವ್ಯಾಪಾರದ ಹೊತ್ತಿನಲ್ಲಿ, ಆ ಅಂಗಡಿಯ ಶಟರ್ ಕೆಳಗಿಳಿಯಿತು. ಇಬ್ಬರು ಗಂಡಸರು ಆಸ್ಪತ್ರೆಯ ದಾರಿ ಹಿಡಿದರು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಪ್ಪಂದಿರೇ, ನಿಮ್ಮ ಗಾಡಿ ಯಾವುದು, ನಿಮ್ಮ ಗೋದಾಮು ಯಾವುದು, ಅದು ನಿಮಗೇ ಗೊತ್ತು. ಮೂತ್ರ ತಡೆಯಲಾಗದಿದ್ದರೆ, ಕಟ್ಟಿಕೊಂಡರೆ, ಪದೇಪದೇ ಏಳಬೇಕಾಗಿ ಬಂದರೆ, ರಕ್ತ ಕಂಡರೆ, ಇವತ್ತೇ ಡಾಕ್ಟರಿಗೆ ಹೇಳಿ. ಅಕ್ಕಂದಿರೇ, ಬಟ್ಟೆ ಒಗೆಯುವಾಗ ನಿಮ್ಮ ಮೂಗಿಗೆ ತಿಳಿದದ್ದನ್ನು ನುಂಗಿಕೊಳ್ಳಬೇಡಿ, ಮೆಲ್ಲಗೆ ಕೇಳಿ. ಡಾಕ್ಟರು ಪೆಟ್ ಸ್ಕ್ಯಾನ್ ಬೇಕೆಂದರೆ ವಿಕಿರಣದ ಹೆಸರು ಕೇಳಿ ಓಡಬೇಡಿ. ಹೇಳಿದ ಹೊತ್ತಿಗೆ ಹೋಗಿ, ನೀರು ಕುಡಿಯಿರಿ, ಮೂತ್ರ ಖಾಲಿ ಮಾಡಿ ಮಲಗಿ, ಅವರು ಹೇಳಿದಷ್ಟು ಹೊತ್ತು ಬಸುರಿಯರಿಂದ, ಎಳೆಮಕ್ಕಳಿಂದ ದೂರವಿರಿ. ಒಂದು ಹನಿ ಬಿದ್ದರೂ ಅಲ್ಲೇ ಬಾಯಿ ಬಿಟ್ಟು ಹೇಳಿ.

ಅಲ್ಲಿ ಯಾರೂ ನಗುವುದಿಲ್ಲ. ಒಳ್ಳೆಯ ನಲ್ಲಿಯನ್ನು ದೂರಬೇಡಿ.